ರಾಡಿ ನೂರಕ್ಕೆ ನಾಲ್ಕು, ಟಾರ್ ತೊಂಬತ್ತಾರು: ಟೈರ್ ಯಾವುದಕ್ಕೆ ಕೊಳ್ತೀರಿ?

ಈ ಸಲ ಭತ್ತ, ಕಬ್ಬಿನ ಕೂಳೆ ಎರಡನ್ನೂ ಬದಿಗಿಟ್ಟು ಗಾಡಿಯ ಗಾಲಿ ಬಗ್ಗೆ ಬರೀತಿದ್ದೀನಿ. ಉದ್ದ ಆಗಿದೆ. ಕೆಲವರಿಗೆ ಸಿಟ್ಟೂ ಬರಬಹುದು. ಬಂದ್ರೆ ಬರಲಿ, ಓದಿ ಮುಗಿಸಿದ ಮೇಲೆ ಬೈರಿ.

ಮೊನ್ನೆ ನಮ್ಮ ಅಣ್ಣನ ಮಗ ಫೋನ್ ಮಾಡಿದ್ದ. "ಕಾಕಾ, ಮಿರಗ ಹಿಡಿಯೂಕಿಂತ ಮೊದಲ ಪಿಕಪ್ಪಿಗೆ ಮಡ್ ಟೈರ್ ಹಾಕಿಸಿಬಿಡ್ತೀನಿ. ದೊಡ್ಡ ಸೈಜಿನವು. ಸೊಸೈಟಿ ಸಾಲ ಬಂದೈತಿ, ನಾಲ್ಕಕ್ಕ ನಲವತ್ತು ಸಾವಿರ ಹೇಳ್ಯಾರ" ಅಂದ. ಬೆಳೆಸಾಲದ ದುಡ್ಡು. ಗೊಬ್ಬರಕ್ಕೆ, ಬೀಜಕ್ಕೆ ಅಂತ ತಂದ ದುಡ್ಡು. ಯಾಕೋ ತಮ್ಮಾ ಅಂದ್ರೆ, "ಮಳಿಗಾಲದಾಗ ಹೊಲದ ದಾರಿ ನಿನಗ ಗೊತ್ತಿಲ್ಲೇನು?" ಅಂತ ನನಗೇ ತಿರುಗಿ ಕೇಳಿದ.

ಗೊತ್ತು. ನನಗೆ ಗೊತ್ತಿರೋದಕ್ಕೇ ಇದನ್ನು ಬರೀತಿರೋದು. ಅವನು ಈಗ ಮಾಡ ಹೊರಟಿರೋ ಕೆಲಸವನ್ನು ನಾನು ಮೂರು ವರ್ಷದ ಹಿಂದೆ ಮಾಡಿದ್ದೆ.

ಮೌಳಂಗಿ ಸುತ್ತಮುತ್ತ ಇರೋರಿಗೆ ಈ ಹುಚ್ಚು ಎಲ್ಲಿಂದ ಬಂತು ಅಂತ ಹೇಳೋದು ಬೇಕಿಲ್ಲ. ದಾಂಡೇಲಿಗೆ, ಗಣೇಶಗುಡಿಗೆ ಶನಿವಾರ-ಭಾನುವಾರ ಬರೋ ಜೀಪುಗಳನ್ನು ದಿನಾ ನೋಡ್ತೀವಿ. ಬಾಡಿಯಿಂದ ಹೊರಗೆ ಚಾಚಿದ ಅಗಲ ಟೈರು, ಹೆಬ್ಬೆರಳು ಹೋಗುವಷ್ಟು ಆಳದ ಗುಬ್ಬಿ. ನೋಡಿದ್ರೆ ಯಾವ ರಾಡಿಯಲ್ಲೂ ನಿಲ್ಲೋದಿಲ್ಲ ಅನ್ನಿಸ್ತದೆ. ನನಗೂ ಅನ್ನಿಸ್ತು. ಆ ವರ್ಷ ಜೂನ್‌ನಲ್ಲಿ ನನ್ನ ಪಿಕಪ್ ಹೊಲದ ದಾರಿಯಲ್ಲಿ ಎರಡು ಸಲ ಸಿಕ್ಕಿತ್ತು, ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದೆ. ಆ ಅವಮಾನಕ್ಕೆ 215/75 ಆರ್15 ಇದ್ದ ಜಾಗದಲ್ಲಿ 235/75 ಆರ್15 ಮಡ್ ಟೈರ್ ಹಾಕಿಸಿದೆ. 42 ಸಾವಿರ ಖರ್ಚು. ಹಳೇ ಟೈರು ಅರ್ಧ ಸವೆದಿದ್ದವು ಅಷ್ಟೇ, ಪುಣ್ಯಕ್ಕೆ ಮಾರದೆ ಕೊಟ್ಟಿಗೆ ಅಟ್ಟದ ಮೇಲೆ ಇಟ್ಟಿದ್ದೆ.

ಮುಂದಿನ ತಿಂಗಳು, ಜುಲೈನಲ್ಲಿ, ನಾಟಿ ಮುಗಿಸಿ ಆರು ಜನ ಹೆಣ್ಣಾಳುಗಳನ್ನು ಹಿಂದೆ ಕೂರಿಸಿಕೊಂಡು ಬರ್ತಿದ್ದೆ. ಸಣ್ಣ ಮಳೆ. ಟಾರ್ ರಸ್ತೆ, ಸ್ವಲ್ಪ ಇಳಿಜಾರು, ತಿರುವು. ವೇಗ 45 ಇರಬಹುದು. ಗಿಡದ ಮರೆಯಿಂದ ಎಮ್ಮೆಗಳು ರಸ್ತೆಗೆ ಬಂದ್ವು. ಬ್ರೇಕ್ ಒತ್ತಿದೆ. ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ. ಹಿಂಭಾಗ ಬಲಕ್ಕೆ ಎಳೆದು, ಗಾಡಿ ಅಡ್ಡ ತಿರುಗಿ, ಗಟಾರಕ್ಕೆ ಬಿತ್ತು. ಎಮ್ಮೆಗೆ ಏನೂ ಆಗಲಿಲ್ಲ. ಹಿಂದೆ ಕೂತ ಒಬ್ಬ ಅಜ್ಜಿಯ ಮುಂಗೈ ಮುರೀತು.

ಆಕೆ ನೋವಿನಲ್ಲೇ ಕೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ತಮ್ಮಾ, ಗಾಲಿ ಇಷ್ಟ ದೊಡ್ಡವು ಹಾಕ್ಸಿ, ನಿಲ್ಲವಲ್ವಲ್ಲೋ?"

ಆರು ವಾರ ಆಕೆಗೆ ಕೆಲಸ ಇಲ್ಲ, ಅದೂ ನಾಟಿ ಹಂಗಾಮಿನಲ್ಲಿ. ಕೂಲಿ ಕೊಟ್ಟೆ, ಔಷಧ ಖರ್ಚು ಕೊಟ್ಟೆ. ಆದ್ರೆ ಆ ಕೈ ಮೊದಲಿನ ಹಾಗೆ ಮಡಚೋದಿಲ್ಲ. ಈಗಲೂ ನನ್ನ ಹೊಲಕ್ಕೆ ಬರ್ತಾಳೆ, ನಡ್ಕೊಂಡು ಬರ್ತಾಳೆ. ಗಾಡಿ ಹತ್ತೋದಿಲ್ಲ.

ಸರಕು ಗಾಡಿಯ ಹಿಂದೆ ಜನ ಕೂರಿಸಿದ್ದು ಕಾನೂನಿಗೆ ವಿರುದ್ಧ. ಅದು ಮೊದಲ ತಪ್ಪು, ನನ್ನದೇ. ತಿರುವಿನಲ್ಲಿ 45 ಹೋಗಿದ್ದು ಎರಡನೇ ತಪ್ಪು, ಅದೂ ನನ್ನದೇ. ಟೈರ್ ಒಂದೇ ಕಾರಣ ಅಂತ ಹೇಳಿ ಜಾರಿಕೊಳ್ಳೋದಿಲ್ಲ. ಆದ್ರೆ ಟೈರಿನ ಪಾಲು ಎಷ್ಟು ಅಂತ ತಿಳಿಯದೆ ಬಿಡೋ ಮನಸ್ಸೂ ಆಗಲಿಲ್ಲ. ಗಾಡಿ ರಿಪೇರಿ ಆಗಿ ಬಂದ ಮೇಲೆ ಒಂದು ಮಳೆ ದಿನ, ಜನ ಇಲ್ಲದ ನೇರ ದಾರಿಯಲ್ಲಿ, ಖಾಲಿ ಗಾಡಿ 40ರಲ್ಲಿ ಓಡಿಸಿ, ಒಂದು ಕಲ್ಲಿನ ಹತ್ತಿರ ಬ್ರೇಕ್ ಒತ್ತಿ, ಎಷ್ಟು ಹೆಜ್ಜೆಗೆ ನಿಲ್ತದೆ ಅಂತ ಎಣಿಸಿದೆ. ಮಡ್ ಟೈರ್‌ಗೆ ಮೂರು ಸಲವೂ 21, 22 ಹೆಜ್ಜೆ. ಅಟ್ಟದ ಮೇಲಿನ ಹಳೇ ಟೈರ್ ಇಳಿಸಿ ಹಾಕಿ ಅದೇ ಸಂಜೆ ಮಾಡಿದ್ರೆ 17. ಇದು ಪ್ರಯೋಗಶಾಲೆ ಲೆಕ್ಕ ಅಲ್ಲ, ಒಬ್ಬ ರೈತನ ಹೆಜ್ಜೆ ಲೆಕ್ಕ. ಆದ್ರೆ ಆ ನಾಲ್ಕೈದು ಹೆಜ್ಜೆಯಲ್ಲೇ ಒಂದು ಎಮ್ಮೆ, ಒಂದು ಸೈಕಲ್, ಒಂದು ಮಗು ಹಿಡೀತಾವೆ.

ಯಾಕೆ ಹೀಗೆ? ನೆಲಕ್ಕೆ ತಾಗೋದು ರಬ್ಬರ್. ಮಡ್ ಟೈರ್‌ನಲ್ಲಿ ಗುಬ್ಬಿ ದೊಡ್ಡದು, ನಡುವಿನ ಸಂದು ಇನ್ನೂ ದೊಡ್ಡದು. ರಾಡಿಯಲ್ಲಿ ಆ ಸಂದಿಗೆ ಕೆಲಸ ಇದೆ: ಮಣ್ಣು ಹಿಡಿದು ಹಿಂದಕ್ಕೆ ಎಸೀತದೆ. ಟಾರ್ ಮೇಲೆ ಆ ಸಂದಿಯಲ್ಲಿ ಗಾಳಿ ಬಿಟ್ರೆ ಏನಿಲ್ಲ. ರಸ್ತೆ ಹಿಡಿಯೋ ರಬ್ಬರ್ ಅಷ್ಟು ಕಡಿಮೆ. ಮೇಲೆ ಆ ಎತ್ತರದ ಗುಬ್ಬಿಗಳು ಬ್ರೇಕ್ ಒತ್ತಿದಾಗ, ತಿರುವಿನಲ್ಲಿ, ಬಾಗಿ ಅಲ್ಲಾಡ್ತವೆ. ರಸ್ತೆ ಟೈರಿನಲ್ಲಿ ಸಣ್ಣ ಸಣ್ಣ ಗೀರು ಇರ್ತಾವಲ್ಲ, ಒದ್ದೆ ಟಾರ್ ಮೇಲಿನ ತೆಳು ನೀರನ್ನು ಕತ್ತರಿಸಿ ರಬ್ಬರನ್ನು ರಸ್ತೆಗೆ ಮುಟ್ಟಿಸೋದು ಅವೇ. ಮಡ್ ಟೈರಿನ ಗುಬ್ಬಿಯಲ್ಲಿ ಅಂಥ ಗೀರು ಬಹಳ ಕಡಿಮೆ.

ಇದು ನಿಮಗೆ ಹೊಸ ವಿಷಯವೂ ಅಲ್ಲ. ಗದ್ದೆ ಹೊಡೆಯೋಕೆ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕ್ತೀರಿ. ಅದನ್ನು ಹಾಕಿಕೊಂಡು ಹಳಿಯಾಳ ಸಂತೆಗೆ ಹೋಗ್ತೀರೇನು? ಗದ್ದೆ ಬದುವಿನಲ್ಲೇ ಬಿಚ್ಚಿ ಇಡ್ತೀರಿ. ರಾಡಿ ಗಾಲಿ ರಾಡಿಗೆ, ರಸ್ತೆ ಗಾಲಿ ರಸ್ತೆಗೆ ಅಂತ ಟ್ರ್ಯಾಕ್ಟರ್ ವಿಷಯದಲ್ಲಿ ಗೊತ್ತಿರೋದು ಪಿಕಪ್ ವಿಷಯದಲ್ಲಿ ಯಾಕೆ ಮರೆತು ಹೋಗ್ತದೆ?

ಈಗ ನನ್ನ ಡೈರಿ ಲೆಕ್ಕ ನೋಡ್ರಿ. ಹೋದ ವರ್ಷ ಜುಲೈ ಪೂರ್ತಿ ದಿನಾ ಬರೆದಿಟ್ಟೆ. ವರ್ಷದಲ್ಲೇ ಅತಿ ಕೆಟ್ಟ ತಿಂಗಳು ಅದು. ಗಾಡಿ ಓಡಿದ್ದು 1,260 ಕಿಲೋಮೀಟರ್. ಹಾಲು, ಗೊಬ್ಬರ, ತರಕಾರಿ, ಮಕ್ಕಳ ಶಾಲೆ, ಆಸ್ಪತ್ರೆ, ದಾಂಡೇಲಿ, ಹಳಿಯಾಳ, ಒಂದು ಸಲ ಧಾರವಾಡ. ಹೊಲದ ದಾರಿ 700 ಮೀಟರ್, ಹೋಗಿ ಬಂದ್ರೆ 1.4 ಕಿಲೋಮೀಟರ್, 33 ಸಲ ಹೋಗಿದ್ದೆ. ರಾಡಿಯಲ್ಲಿ ಓಡಿದ್ದು ಒಟ್ಟು 46 ಕಿಲೋಮೀಟರ್. ನೂರಕ್ಕೆ ನಾಲ್ಕೂ ಇಲ್ಲ. ಉಳಿದದ್ದೆಲ್ಲ ಒದ್ದೆ ಟಾರ್, ಎದುರಿಗೆ ಕಾಗದ ಗಿರಣಿ ಲಾರಿ, ಬಸ್ಸು. ಕಬ್ಬಿನ ಹಂಗಾಮು ಬಂದ್ರೆ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಮಣ್ಣು ರಸ್ತೆ ಮೇಲೆ ಬೇರೆ.

ರಾಡಿಯಲ್ಲಿ ಸಿಕ್ಕರೆ ಏನಾಗ್ತದೆ? ಒಂದು ಗಂಟೆ ಹೋಗ್ತದೆ, ಬಟ್ಟೆ ಹೊಲಸಾಗ್ತದೆ, ಪಕ್ಕದ ಹೊಲದವರು ನಗ್ತಾರೆ. ಟಾರ್ ಮೇಲೆ ಜಾರಿದ್ರೆ ಏನಾಗ್ತದೆ ಅಂತ ಮೇಲೆ ಬರೆದಿದ್ದೀನಿ.

"ಅಗಲ ಟೈರ್ ರಾಡಿಯಲ್ಲಾದ್ರೂ ಛಲೋ ಅಲ್ಲೇನು?" ಅಂತೀರಿ. ಅದೂ ನಮ್ಮ ಮಣ್ಣಿಗೆ ಅಷ್ಟಕ್ಕಷ್ಟೇ. ನಮ್ಮ ಕಡೆ ಹೊಲದ ದಾರಿಯಲ್ಲಿ ಮೇಲೆ ನಾಲ್ಕು ಬೆರಳು, ಹೆಚ್ಚಂದ್ರೆ ಒಂದು ಗೇಣು ಕೆಸರು. ಅಡಿಗೆ ಗಟ್ಟಿ ಗರಸು, ಕೆಂಪುಕಲ್ಲು. ಕಿರಿದಾದ ಟೈರ್ ಆ ಕೆಸರನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡೀತದೆ. ಅಗಲ ಟೈರ್ ಕೆಸರಿನ ಮೇಲೆ ತೇಲ್ತದೆ. ತೇಲೋದು ಸಮುದ್ರದ ಉಸುಕಿನಲ್ಲಿ ಬೇಕು, ನಮ್ಮಲ್ಲಿ ಬೇಡ. ಹಳೇ ಮಹೀಂದ್ರ ಜೀಪು ನೆನಪಿದೆಯಲ್ಲ? ಅದರ ಟೈರ್ 6.00-16, ಅಂದ್ರೆ ಅಗಲ ಆರು ಇಂಚು. ಆ ಸಣ್ಣ ಗಾಲಿಯ ಮೇಲೇ ಕಾಡಿನ ದಾರಿಗಳಲ್ಲಿ ಓಡಾಡಿದ ಗಾಡಿ ಅದು. ಅದಕ್ಕೆ ನಾಲ್ಕೂ ಗಾಲಿಗೆ ಎಳೆತ ಇತ್ತು ಅನ್ನೋದು ನಿಜ. ನಮ್ಮ ಪಿಕಪ್ಪಿಗೆ ಹಿಂದಿನ ಎರಡಕ್ಕೆ ಮಾತ್ರ. ಆ ಕೊರತೆಯನ್ನು ಯಾವ ಟೈರೂ ತುಂಬೋದಿಲ್ಲ.

ಇನ್ನು ಎರೆಮಣ್ಣು. ಹಳಿಯಾಳದ ಪೂರ್ವಕ್ಕೆ, ಮುಂಡಗೋಡ ಕಡೆ ಅಲ್ಲಲ್ಲಿ ಕಪ್ಪು ಮಣ್ಣಿನ ಹೊಲ ಇರೋರಿಗೆ ಗೊತ್ತು. ಮಳೆ ಬಿದ್ದ ಮೇಲೆ ಎರೆಗೆ ಇಳಿದ್ರೆ ಎರಡು ಸುತ್ತಿಗೆ ಸಂದೆಲ್ಲ ತುಂಬಿ ಎಂಥ ಗುಬ್ಬಿ ಟೈರೂ ಬೋಳು ಗುಂಡಾಗ್ತದೆ. ಅಲ್ಲಿ ಮದ್ದು ಒಂದೇ: ಗಾಡಿ ದಾರಿಯಲ್ಲಿ ಬಿಟ್ಟು ನಡೆದು ಹೋಗೋದು.

ದೊಡ್ಡ ಸೈಜಿನ ಇನ್ನೊಂದು ಮೋಸ ಹೇಳ್ತೀನಿ. 215/75 ಆರ್15 ಅಂದ್ರೆ ಅಗಲ 215 ಮಿಲಿಮೀಟರ್, ಗೋಡೆ ಎತ್ತರ ಆ ಅಗಲದ ಶೇಕಡಾ 75, ರಿಮ್ 15 ಇಂಚು. ಲೆಕ್ಕ ಹಾಕಿದ್ರೆ ಗಾಲಿ ಎತ್ತರ 703 ಮಿಲಿಮೀಟರ್ ಚಿಲ್ಲರೆ. 235/75 ಆದ್ರೆ 733 ಚಿಲ್ಲರೆ. ನೂರಕ್ಕೆ ನಾಲ್ಕು ಹೆಚ್ಚು. ಮೀಟರ್ 60 ತೋರಿಸಿದಾಗ ನೀವು 62ರ ಮೇಲೆ ಇರ್ತೀರಿ. ಎಂಜಿನ್ನಿನ ಎಳೆತ ಅಷ್ಟೇ ಕಡಿಮೆ ಆಗ್ತದೆ, ಲೋಡ್ ಹಾಕಿ ಏರು ಹತ್ತಿಸುವಾಗ ಒಂದು ಗೇರ್ ಕೆಳಗೆ ಇಳಿಸಬೇಕಾಗ್ತದೆ. ಕಿಲೋಮೀಟರ್ ಓಟವನ್ನೂ ಮೀಟರ್ ಕಡಿಮೆ ತೋರಿಸ್ತದೆ. ನನ್ನ ಗಾಡಿ ಲೀಟರಿಗೆ 13 ಕೊಡ್ತಿದ್ದದ್ದು ಮೀಟರ್ ಪ್ರಕಾರ 11.5ಕ್ಕೆ ಬಿತ್ತು. ಮೀಟರಿನ ಸುಳ್ಳು ತೆಗೆದ್ರೆ 12. ಆದ್ರೂ ಜುಲೈ ಓಟಕ್ಕೆ ಎಂಟು ಲೀಟರ್ ಡೀಸೆಲ್ ಹೆಚ್ಚು, 700 ರೂಪಾಯಿ. ಅದು ಕೂಗೋ ಸದ್ದು ಬೇರೆ, ಫೋನಿನಲ್ಲಿ ಮಾತು ಕೇಳಿಸ್ತಿರಲಿಲ್ಲ.

ರೆಸಾರ್ಟ್ ಜೀಪಿನವರನ್ನು ನಾನು ಬೈತಿಲ್ಲ. ಅವರದು ನಾಲ್ಕೂ ಗಾಲಿ ಎಳೆಯೋ ಗಾಡಿ, ಲೋಡ್ ಇಲ್ಲ, ಓಟ ನಿಧಾನ, ಟೈರಿನ ಖರ್ಚು ಪ್ರವಾಸಿ ಕೊಡ್ತಾನೆ. ಅವರ ದಂಧೆಗೆ ಅದು ಸರಿ. ನಮ್ಮ ಲೋಡು, ನಮ್ಮ ರಸ್ತೆ, ನಮ್ಮ ಜೇಬು ಬೇರೆ. ಹಾಗೇ ಜೋಯಿಡಾದ ಒಳಗಿನ ವಾಡಿಗಳಲ್ಲಿ ಇರೋರು, ಟಾರ್ ಮುಟ್ಟೋಕೆ ಎಷ್ಟೋ ದೂರ ಮಣ್ಣಿನ ದಾರಿ ದಾಟೋರು, ನನ್ನ ಮಾತನ್ನು ಹಾಗೇ ಒಪ್ಪಬೇಕಾಗಿಲ್ಲ. ನಿಮ್ಮ ಓಟದಲ್ಲಿ ಕಾಲು ಭಾಗ ಮಣ್ಣು, ಕಲ್ಲು ಇದ್ರೆ ಎಟಿ ಅಂತ ಬರ್ತದಲ್ಲ, ಆಲ್ ಟೆರೈನ್, ಅದನ್ನು ಹಾಕ್ರಿ. ಗಾಡಿಗೆ ಕಂಪನಿ ಕೊಟ್ಟ ಸೈಜಿನಲ್ಲೇ ಹಾಕ್ರಿ. ರಸ್ತೆ ಟೈರಿಗೂ ಮಡ್ ಟೈರಿಗೂ ನಡುವಿನದು ಅದು, ಎರಡೂ ಕಡೆ ತಕ್ಕಮಟ್ಟಿಗೆ ನಡೀತದೆ. ಉಳಿದವರಿಗೆ ಕಂಪನಿ ಸೈಜಿನ ಒಳ್ಳೆ ರಸ್ತೆ ಟೈರ್ ಸಾಕು.

ಹಾಗಾದ್ರೆ ಆ ನೂರಕ್ಕೆ ನಾಲ್ಕು ಏನು ಮಾಡೋದು? ನಾನು ಮಾಡೋದು ಹೇಳ್ತೀನಿ.

ಒಂದು, ಹವಾ. ಖಾಲಿ ಗಾಡಿ ಇದ್ದಾಗ ಹೊಲದ ದಾರಿ ಬಾಯಲ್ಲಿ ನಿಂತು 35 ಇದ್ದದ್ದನ್ನು 22ಕ್ಕೆ ಇಳಿಸ್ತೀನಿ. ಟೈರ್ ಚಪ್ಪಟೆಯಾಗಿ ನೆಲಕ್ಕೆ ಉದ್ದಕ್ಕೆ ತಾಗ್ತದೆ, ಹಿಡಿತ ತಾನೇ ಹೆಚ್ಚಾಗ್ತದೆ. ಓಟ 15-20 ದಾಟಿಸೋದಿಲ್ಲ, ಸ್ಟೇರಿಂಗ್ ಜಗ್ಗೋದಿಲ್ಲ. ಟಾರ್ ಮುಟ್ಟಿದ ಕೂಡಲೇ ಬ್ಯಾಟರಿಗೆ ಹಚ್ಚೋ ಪಂಪಿನಿಂದ ಮತ್ತೆ ತುಂಬಿಸ್ತೀನಿ. ಲೋಡ್ ಇದ್ದಾಗ ಹವಾ ಇಳಿಸಬೇಡ್ರಿ, ಗೋಡೆ ಬಿಸಿಯಾಗಿ ಹರೀತದೆ. ಟ್ಯೂಬ್ ಇರೋ ಟೈರಿಗೂ ಬೇಡ, ಟೈರ್ ರಿಮ್ಮಿನ ಮೇಲೆ ಸರಿದು ವಾಲ್ವ್ ಕಿತ್ತು ಬರ್ತದೆ. ಪಂಪು, ಗೇಜು ಎರಡೂ ಸೇರಿ ಒಂದು ಮಡ್ ಟೈರಿನ ಅರ್ಧ ದುಡ್ಡೂ ಆಗಲಿಲ್ಲ.

ಎರಡು, ತೂಕ. ಪಿಕಪ್ ಸಿಗೋದು ಖಾಲಿ ಇದ್ದಾಗ, ಹಿಂಭಾಗ ಹಗುರ ಅಂತ. ಮಳೆಗಾಲದಲ್ಲಿ ಹಿಂದಿನ ಗಾಲಿ ಮೇಲಕ್ಕೆ ಬರೋ ಹಾಗೆ ನಾಲ್ಕು ಉಸುಕಿನ ಚೀಲ ಕಟ್ಟಿ ಇಡ್ತೀನಿ. ಸಿಕ್ಕರೆ ಅದೇ ಉಸುಕು ಗಾಲಿ ಕೆಳಗೆ ಸುರಿಯೋಕೂ ಆಗ್ತದೆ.

ಮೂರು, ಚೈನು. ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದ ಜೀಪಿನವರು ಮಳೆಗಾಲದಲ್ಲಿ ಹಿಂದಿನ ಗಾಲಿಗೆ ಚೈನು ಕಟ್ತಾರೆ. ಬೇಕಾದಾಗ ಕಟ್ಟು, ಟಾರ್ ಬಂದಾಗ ಬಿಚ್ಚು. ಕೇಜ್ ವೀಲಿನ ನ್ಯಾಯವೇ ಇದು.

ನಾಲ್ಕು, ದಾರಿ. ನನಗೆ ಹೆಚ್ಚು ಸಿಟ್ಟು ಬರೋದು ಇಲ್ಲಿ. ನನ್ನ 700 ಮೀಟರ್ ದಾರಿಯಲ್ಲಿ ಗಾಡಿ ಸಿಗ್ತಿದ್ದದ್ದು ಮೂರೇ ಜಾಗ, ಎಲ್ಲ ಸೇರಿ ನಲವತ್ತು ಮೀಟರ್. ಆ ನಲವತ್ತು ಮೀಟರಿಗೆ ಹೆದರಿ ನಾಲ್ಕು ಮನೆಯವರು ನಾಲ್ಕು ಗಾಡಿಗೆ ಟೈರ್ ಬದಲಿಸೋ ಮಾತು ಆಡ್ತಿದ್ವಿ. ಅಂದ್ರೆ ಒಂದೂವರೆ ಲಕ್ಷದ ಮೇಲೆ. ಹೋದ ಬೇಸಿಗೆಯಲ್ಲಿ ನಾವು ನಾಲ್ಕೂ ಜನ ಕೂಡಿ ಎಂಟು ಟ್ರೇಲರ್ ಗರಸು ಹಾಕಿಸಿದ್ವಿ. ಟ್ರೇಲರಿಗೆ 2,500, ಒಟ್ಟು 20 ಸಾವಿರ, ಮನೆಗೆ 5 ಸಾವಿರ. ಬದಿಗೆ ನೀರು ಹೋಗೋ ಕಾಲುವೆ ನಾವೇ ತೋಡಿದ್ವಿ. ಮಳೆಗಾಲ ಪೂರ್ತಿ ರಸ್ತೆ ಟೈರಿನಲ್ಲೇ 33 ಸಲ ಅಲ್ಲ, ನೂರು ಸಲ ಹೋದೆ, ಒಂದೇ ಸಲ ಸಿಕ್ಕೆ. ಉದ್ಯೋಗ ಖಾತ್ರಿಯಲ್ಲಿ "ನಮ್ಮ ಹೊಲ ನಮ್ಮ ದಾರಿ" ಅಂತ ಎಷ್ಟೋ ಊರಲ್ಲಿ ಇಂಥ ದಾರಿ ಮಾಡಿಸಿಕೊಂಡಿದ್ದಾರೆ, ಪಂಚಾಯ್ತಿಯಲ್ಲಿ ಕೂತು ಕೇಳ್ರಿ. ದಾರಿ ಅಡವಿ ಗಡಿಗೆ ಹತ್ತಿದ್ರೆ ಮಾತ್ರ ಅರಣ್ಯದವರನ್ನು ಕೇಳದೆ ಒಂದು ಬುಟ್ಟಿ ಮಣ್ಣೂ ಹಾಕಬೇಡ್ರಿ.

ಟೈರ್ ಕೊಳ್ಳೋಕೆ ಹೋದಾಗ ಅಂಗಡಿಯವರು ಗುಬ್ಬಿ ತೋರಿಸ್ತಾರೆ. ನೀವು ಗೋಡೆ ಮೇಲಿನ ಅಂಕಿ ಓದ್ರಿ.

ಸೈಜಿನ ಮುಂದೆ ಒಂದು ಸಂಖ್ಯೆ, ಒಂದು ಅಕ್ಷರ ಇರ್ತದೆ. ಆ ಸಂಖ್ಯೆ ಒಂದು ಟೈರ್ ಹೊರೋ ತೂಕದ ಗುರುತು. 100 ಅಂದ್ರೆ 800 ಕಿಲೋ, 104 ಅಂದ್ರೆ 900, 110 ಅಂದ್ರೆ 1,060. ಲೋಡ್ ಹಾಕಿದಾಗ ಹಿಂದಿನ ಅಚ್ಚಿನ ಮೇಲೆ 1,800 ಕಿಲೋ ಬಿತ್ತು ಅಂದ್ರೆ ಒಂದೊಂದಕ್ಕೆ 900. ಅಲ್ಲಿಗೆ ಕಾರಿನ 100ರ ಟೈರ್ ಹಾಕಿದ್ರೆ ಎಷ್ಟು ಚಂದ ಗುಬ್ಬಿ ಇದ್ರೇನು, ಬೇಸಿಗೆಯಲ್ಲಿ ಒಡೀತದೆ. ಗಾಡಿ ಬಾಗಿಲ ಬದಿಯ ಚೀಟಿ ಅಥವಾ ಕಂಪನಿ ಪುಸ್ತಕದಲ್ಲಿ ಏನಿದೆಯೋ ಅದಕ್ಕಿಂತ ಕಡಿಮೆ ಸಂಖ್ಯೆ ಕೊಳ್ಳಬೇಡ್ರಿ.

ತಯಾರಾದ ದಿನ ನಾಲ್ಕು ಅಂಕಿಯಲ್ಲಿ ಇರ್ತದೆ. 2324 ಅಂದ್ರೆ 2024ನೇ ಇಸವಿಯ 23ನೇ ವಾರ. ಗೋದಾಮಿನಲ್ಲಿ ಮೂರು ವರ್ಷ ಕೂತದ್ದನ್ನು "ಹೊಸದು" ಅಂತ ಕೊಟ್ರೆ ವಾಪಸ್ ಕೊಡ್ರಿ. ಐಎಸ್ಐ ಗುರುತು ನೋಡ್ರಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಟ್ರ್ಯಾಕ್ಟರ್ ಟೈರಿಗೆ 18ರಿಂದ 5ಕ್ಕೆ. ಬಿಲ್ ಕೇಳಿ ತಗೊಳ್ರಿ.

ಗುಬ್ಬಿ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಕಾನೂನು. ನಮ್ಮ ಮಳೆಗೆ ಅದು ಬಹಳ ಕಡಿಮೆ ಆಯ್ತು. ನಾನು 3ಕ್ಕೆ ಬಂದ್ರೆ ಮಳೆಗಾಲದೊಳಗೆ ಬದಲಿಸ್ತೀನಿ. ಎರಡೇ ಹೊಸದು ಕೊಳ್ಳೋಕೆ ಆದ್ರೆ ಹೊಸವನ್ನು ಹಿಂದೆ ಹಾಕ್ರಿ. ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗೋದು ಹಿಂದಿನವು ಜಾರಿದಾಗ, ನನ್ನದು ತಿರುಗಿದ್ದೂ ಹಾಗೇ. ಹಾಗಂತ ಮುಂದೆ ಬೋಳು ಟೈರ್ ಇಟ್ಕೋಬೇಡ್ರಿ. ರಿಸೋಲ್ ಮಾಡಿಸಿದ್ದನ್ನು ಮುಂದಿನ ಗಾಲಿಗೆ ಹಾಕಲೇಬೇಡ್ರಿ.

ಅಣ್ಣನ ಮಗನಿಗೆ ಫೋನಿನಲ್ಲಿ ಇಷ್ಟೆಲ್ಲ ಹೇಳೋಕೆ ಆಗಲಿಲ್ಲ. "ಕಾಕಾಗ ವಯಸ್ಸಾತು" ಅಂತ ನಕ್ಕುಬಿಟ್ಟ. ಅವನೂ ಇದನ್ನು ಓದ್ತಾನೆ. ತಮ್ಮಾ, ಆ ನಲವತ್ತು ಸಾವಿರ ಗೊಬ್ಬರದ ದುಡ್ಡು, ಗೊಬ್ಬರಕ್ಕೇ ಹಾಕು. ನಿನ್ನ ಹೊಲದ ದಾರಿಯಲ್ಲಿ ಕೆಟ್ಟ ಜಾಗ ಎರಡೇ, ನಾನು ಅಳೆದು ನೋಡಿದ್ದೀನಿ, ಇಪ್ಪತ್ತೈದು ಮೀಟರ್ ಆಗ್ತದೆ. ಆ ದಾರಿಗೆ ಹೊಲ ಇರೋರು ಐದು ಮನೆ. ಸೋಮವಾರ ಹೇಗೂ ಎತ್ತು ಹೂಡೋದಿಲ್ಲ, ಎಲ್ಲರೂ ಊರಲ್ಲೇ ಇರ್ತಾರೆ. ಬೆಳಿಗ್ಗೆ ಎಂಟಕ್ಕೆ ದಾರಿ ಬಾಯಿಗೆ ಬರ್ರಿ. ನನ್ನ ಟ್ರ್ಯಾಕ್ಟರ್, ಟ್ರೇಲರ್ ತರ್ತೀನಿ, ಬಾಡಿಗೆ ಬೇಡ, ಡೀಸೆಲ್ ಹಾಕಿಸಿದ್ರೆ ಸಾಕು. ಸಲಿಕೆ, ಗುದ್ದಲಿ ನೀವು ತರ್ರಿ.

ನನ್ನ ಆ ನಾಲ್ಕು ಮಡ್ ಟೈರ್ ಇನ್ನೂ ಅಟ್ಟದ ಮೇಲಿವೆ. ಕೊಳ್ಳೋಕೆ ಇಬ್ಬರು ಬಂದಿದ್ರು. ಇಬ್ಬರದೂ ಹಾಲಿನ ಗಾಡಿ, ದಿನಾ ಟಾರ್ ಮೇಲೆ ಓಡೋವು. ಕೊಡಲಿಲ್ಲ.